ಏಳನೆಯದು ಯಾವುದು?

ಕಳೆದ ದೀಪಾವಳಿ ಮುಗಿದ ವಾರದಲ್ಲಿ ಮುಧೋಳ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಅಣ್ಣನಿಗೆ ಫೋನಿನಲ್ಲಿ ಒಂದು ಸಲಹೆ ಕೊಟ್ಟೆ. ‘ಅಣ್ಣಾ, ಈ ಸಲ ಕಬ್ಬು ಹಚ್ಚೂಮುಂದ ಗಂಧಕ ಹಾಕು. ಇಳುವರಿ ಏರತೈತಿ’ ಎಂದೆ. ಅಣ್ಣ ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಒಕ್ಕಲುತನಕ್ಕೆ ನಿಂತವನು. ಅವನು ದುಡಿದದ್ದರಿಂದಲೇ ನಾನು ಬಿ.ಎಸ್ಸಿ., ಬಿ.ಇಡಿ. ಮುಗಿಸಿದ್ದು. ಹಾಗಿದ್ದೂ ‘ಸಾಯನ್ಸ್ ಮಾಸ್ತರ’ನಾದ ತಮ್ಮ ಒಂದು ಮಾತು ಹೇಳಿದನೆಂದರೆ ಅವನು ಎದುರಾಡುವುದಿಲ್ಲ. ‘ಎಷ್ಟ ಹಾಕ್ಲಿ ತಮ್ಮಾ?’ ಎಂದಷ್ಟೇ ಕೇಳಿದ. ಮರುದಿನವೇ ಪೇಟೆಗೆ ಹೋಗಿ ಚೀಲ ಹೇರಿಕೊಂಡು ಬಂದ.

ಸಲಹೆ ತಪ್ಪಾಗಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಒಂದರಿಂದ ಏಳರವರೆಗೆ ಎಣಿಸುವುದರಲ್ಲಿ ತಪ್ಪಿದ್ದೆ. ಇದನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ಈಗ ಊರೂರಿನ ಕಾಲೇಜುಗಳಲ್ಲಿ ಮಕ್ಕಳು ಕಂಪ್ಯೂಟರಿಗೆ ಲೆಕ್ಕ ಕಲಿಸುವ ಪ್ರಾಜೆಕ್ಟುಗಳನ್ನು ಮಾಡುತ್ತಿದ್ದಾರೆ. ಅವರು ತಂದ ಹಾಳೆಗಳನ್ನು ಮನೆಯಲ್ಲಿ ತಂದೆ-ತಾಯಂದಿರು ಹೆಮ್ಮೆಯಿಂದ ನೋಡುತ್ತಿದ್ದಾರೆ. ನನ್ನ ಹಾಗೆ ಇನ್ನೊಬ್ಬರು ಎಡವಬಾರದೆಂದು ಬರೆಯುತ್ತಿದ್ದೇನೆ.

ನನ್ನ ಮಗಳು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಅವಳೂ ಅವಳ ಮೂವರು ಗೆಳತಿಯರೂ ಸೇರಿ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ನಮ್ಮ ಕಡೆಯ ಕಬ್ಬನ್ನೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಹೋದರೂ ಕಬ್ಬು ಕಾಣುತ್ತದೆ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ರೈತರೇ ಹಣ ಕೂಡಿಸಿ, ತಾವೇ ಮೈಬಗ್ಗಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟ ಸಂಗತಿ ಓದುಗರಿಗೆ ಗೊತ್ತೇ ಇದೆ. ನೀರು ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆಗಳು ಬಂದವು. ಬೆನ್ನ ಹಿಂದೆಯೇ ಸವಳು-ಜವಳೂ ಬಂತು. ಕರಿಮಣ್ಣಿಗೆ ಅತಿಯಾಗಿ ನೀರು ಹಾಯಿಸಿದರೆ ಒಳಗಿನ ಉಪ್ಪು ಮೇಲೇಳುತ್ತದೆ. ಹೊಲದ ಮೈ ಬಿಳಿಚುತ್ತದೆ. ಒಂದೇ ಊರಿನಲ್ಲಿ ಒಬ್ಬನ ಕಬ್ಬು ಆಳೆತ್ತರ ದಾಟಿದರೆ ಬದುವಿನಾಚೆಯವನ ಕಬ್ಬು ಮೊಣಕಾಲು ದಾಟದು.

ಹುಡುಗಿಯರು ರೈತರ ಮನೆಗಳಿಗೆ ತಿರುಗಿ ಮಣ್ಣು ಆರೋಗ್ಯ ಕಾರ್ಡುಗಳನ್ನು ನೋಡಿ ಬರೆದುಕೊಂಡರು. ಈ ಕಾರ್ಡು ಯೋಜನೆ 2015ರಲ್ಲಿ ಶುರುವಾದದ್ದು. ಅದರಲ್ಲಿ ಹನ್ನೆರಡು ಬಾಬುಗಳಿರುತ್ತವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ತಾಮ್ರ. ಓದುಗರು ಈ ಸಾಲನ್ನು ಹೀಗೇ ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಜತೆಗೆ ಆ ಹೊಲದಲ್ಲಿ ಎಕರೆಗೆ ಎಷ್ಟು ಟನ್ ಕಬ್ಬು ಬಂತು ಎಂದು ಕೇಳಿ ಬರೆದುಕೊಂಡರು. ಹೀಗೆ ನೂರಕ್ಕೂ ಹೆಚ್ಚು ಹೊಲಗಳಾದವು. ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ, ‘ಯಾವ ಬಾಬಿನಿಂದ ಇಳುವರಿ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ, ಹೇಳು’ ಎಂದು ಕೇಳಿದರು.

ಇದಕ್ಕೆ ರಿಗ್ರೆಷನ್ ಎಂದು ಹೆಸರು. ಹೆಸರಿಗೆ ಹೆದರಬೇಕಾಗಿಲ್ಲ. ಜಮಖಂಡಿಯ ಯಾವುದಾದರೂ ಚಹಾದಂಗಡಿಯನ್ನು ನೆನೆಸಿಕೊಳ್ಳಿ. ಗೋಡೆಗೆ ದರಪಟ್ಟಿ ಇಲ್ಲ. ಗೆಳೆಯರು ಬೇರೆ ಬೇರೆ ದಿನ ಹೋಗಿ ಚಹಾ, ಮಿರ್ಚಿ, ಗಿರಮಿಟ್ ತಿಂದು ಕಟ್ಟಿಸಿಕೊಂಡು ಬಂದಿದ್ದಾರೆ. ಯಾರು ಎಷ್ಟು ತೆಗೆದುಕೊಂಡರು, ಒಟ್ಟು ಎಷ್ಟು ಕೊಟ್ಟರು ಎಂಬುದಷ್ಟೇ ಗೊತ್ತು. ಇಂಥ ನಾಲ್ಕಾರು ಲೆಕ್ಕಗಳನ್ನು ಮುಂದಿಟ್ಟುಕೊಂಡರೆ ಚಹಾಕ್ಕೆ ಹತ್ತು, ಮಿರ್ಚಿಗೆ ಹದಿನೈದು, ಗಿರಮಿಟ್ಟಿಗೆ ಮೂವತ್ತು, ಕಟ್ಟಿ ಕೊಡಲು ಮೇಲೆ ಐದು ರೂಪಾಯಿ ಎಂದು ಕಂಡುಹಿಡಿಯಬಹುದು. ಒಂಬತ್ತು-ಹತ್ತನೆಯ ತರಗತಿಯ ಮಕ್ಕಳಿಗೆ ಇದು ಸಮೀಕರಣ ಬಿಡಿಸಿದ ಹಾಗೆ. ಹತ್ತು, ಹದಿನೈದು, ಮೂವತ್ತು ಇವೇ ಸಹಗುಣಕಗಳು. ಹೊಲದ ಲೆಕ್ಕದಲ್ಲಿ ದರಗಳು ಇಷ್ಟು ಚೊಕ್ಕವಾಗಿ ಕೂಡುವುದಿಲ್ಲ. ಮಳೆ, ತಳಿ, ಗೊಬ್ಬರ, ರೈತನ ದುಡಿಮೆ ಎಲ್ಲವೂ ನಡುವೆ ಕೈಯಾಡಿಸುತ್ತವೆ. ಆದ್ದರಿಂದ ಒಟ್ಟಾರೆ ಎಲ್ಲ ಹೊಲಗಳಿಗೂ ಕಡಿಮೆ ತಪ್ಪು ಬರುವಂಥ ದರಗಳನ್ನು ಹುಡುಕುತ್ತಾರೆ. ಈ ಉಪಾಯವನ್ನು ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಧೂಮಕೇತುಗಳ ದಾರಿ ಲೆಕ್ಕ ಹಾಕುವ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಜರ್ಮನಿಯ ಗೌಸ್ 1809ರಲ್ಲಿ ‘ಇದು ನನಗೆ ಮೊದಲೇ ಗೊತ್ತಿತ್ತು’ ಎಂದ. ಇಬ್ಬರಿಗೂ ಮನಸ್ತಾಪವಾಯಿತು. ದೊಡ್ಡವರ ಜಗಳ, ಇರಲಿ.

ಮಗಳು ದೀಪಾವಳಿಗೆ ಬಂದಾಗ ಒಂದು ಹಾಳೆ ತಂದಿದ್ದಳು. ರಜೆ ಮುಗಿಸಿ ಹಾಸ್ಟೆಲಿಗೆ ಹೋಗುವಾಗ ಅದನ್ನು ಮೇಜಿನ ಮೇಲೆಯೇ ಮರೆತಳು. ಹಾಳೆಯಲ್ಲಿ ಹನ್ನೆರಡು ಸಾಲುಗಳಿರಬೇಕೆಂದು ನಾನು ಎಣಿಸಿದ್ದೆ. ಇದ್ದದ್ದು ಐದೇ. ಎಡಗಡೆ 1, 2, 4, 5, 7 ಎಂಬ ಸಂಖ್ಯೆಗಳು. ಬಲಗಡೆ ಒಂದೊಂದರ ಮುಂದೆ ಒಂದೊಂದು ದಶಾಂಶ. ಬಾಬುಗಳ ಹೆಸರು ಎಲ್ಲೂ ಇಲ್ಲ. ಉಳಿದವು ಏಕಿಲ್ಲ ಎಂಬುದನ್ನು ಅವಳು ಹೋಗುವ ಮೊದಲು ಹೇಳಿದ್ದಳು. ಅವರು ಬಳಸಿದ್ದು ಲಾಸೊ ಎಂಬ ವಿಧಾನ, 1996ರಲ್ಲಿ ಟಿಬ್ಶಿರಾನಿ ಎಂಬ ಸಂಖ್ಯಾಶಾಸ್ತ್ರಜ್ಞರು ಪ್ರಕಟಿಸಿದ್ದು. ಅದು ಹೆಚ್ಚು ಕೆಲಸ ಮಾಡದ ಬಾಬುಗಳ ಸಹಗುಣಕವನ್ನು ಸೊನ್ನೆಗೆ ಇಳಿಸಿಬಿಡುತ್ತದೆ. ಅವರ ಪ್ರೋಗ್ರಾಂ ಸೊನ್ನೆಯಾದವುಗಳನ್ನು ಅಚ್ಚು ಹಾಕದೆ, ಉಳಿದವುಗಳ ಕ್ರಮಸಂಖ್ಯೆ ಮತ್ತು ಬೆಲೆಯನ್ನು ಮಾತ್ರ ತೋರಿಸಿತ್ತು.

ನನಗೆ ಕುತೂಹಲ. ಐದು ಸಾಲುಗಳಲ್ಲಿ 7ರ ಮುಂದಿನ ಅಂಕಿ ಎಲ್ಲಕ್ಕಿಂತ ದೊಡ್ಡದಾಗಿತ್ತು, ಧನ ಚಿಹ್ನೆಯದೇ ಆಗಿತ್ತು. ಅಣ್ಣನ ಹೊಲದ ಕಾರ್ಡಿನ ನಕಲು ನನ್ನ ಹತ್ತಿರವಿತ್ತು. ಬೆರಳಿಟ್ಟು ಎಣಿಸಿದೆ. ರಸಸಾರ ಒಂದು, ಲವಣಾಂಶ ಎರಡು, ಇಂಗಾಲ ಮೂರು, ಸಾರಜನಕ ನಾಲ್ಕು, ರಂಜಕ ಐದು, ಪೊಟ್ಯಾಷ್ ಆರು, ಗಂಧಕ ಏಳು. ಗಂಧಕ! ಫೋನ್ ಹಚ್ಚಿಯೇಬಿಟ್ಟೆ.

ಸಂಕ್ರಮಣಕ್ಕೆ ಮಗಳು ಮತ್ತೆ ಬಂದಳು. ದೊಡ್ಡಪ್ಪ ಗಂಧಕ ಹಾಕಿದ ಸುದ್ದಿ ಕೇಳಿ, ‘ಯಾರು ಹೇಳಿದ್ರು?’ ಎಂದಳು. ನಾನು ಹಾಳೆಯನ್ನು ತಂದು ಮುಂದಿಟ್ಟೆ. ಐದೂ ಅಂಕಿಗಳ ಪಕ್ಕ ಪೆನ್ಸಿಲಿನಿಂದ ನಾನೇ ಹೆಸರು ಬರೆದಿದ್ದೆ. ಅವಳು ಎರಡನೆಯ ಸಾಲಿನ ಮೇಲೆ ಬೆರಳಿಟ್ಟು ನಗತೊಡಗಿದಳು.

‘ಅಪ್ಪಾ, ನೀ ಬರದದ್ದು ಖರೆ ಅಂದ್ರ ಉಪ್ಪು ಹೆಚ್ಚಾದಷ್ಟು ಕಬ್ಬು ಚಲೋ ಬರತೈತಿ ಅಂದಂಗಾತು!’

ನೋಡಿದೆ. ಎರಡರ ಮುಂದೆ ಧನ ಚಿಹ್ನೆ, ಪಕ್ಕದಲ್ಲಿ ನನ್ನ ಕೈಬರಹದಲ್ಲಿ ‘ಲವಣಾಂಶ’. ಸವಳು ಹೊಲ ಕಂಡ ಯಾವ ಒಕ್ಕಲಿಗನೂ ನಗುವ ಮಾತು. ದೊಡ್ಡ ಅಂಕಿಯ ಹಿಂದೆ ಬಿದ್ದಿದ್ದ ನನಗೆ ಅದು ಕಂಡಿರಲಿಲ್ಲ.

‘ಕಂಪ್ಯೂಟರ್ ಸೊನ್ನೆಯಿಂದ ಎಣಸತೈತಿ’ ಎಂದಳು.

ರಸಸಾರ ಸೊನ್ನೆ, ಲವಣಾಂಶ ಒಂದು, ಇಂಗಾಲ ಎರಡು. ಹಾಗೆ ಎಣಿಸಿದರೆ ಏಳು ಬರುವುದು ಗಂಧಕಕ್ಕಲ್ಲ, ಅದರ ಮುಂದಿನ ಸತುವಿಗೆ. ಈಗ ಐದೂ ಸಾಲುಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಒಂದರ ಮುಂದಿನ ಋಣ ಚಿಹ್ನೆ ಲವಣಾಂಶದ್ದು. ಉಪ್ಪು ಏರಿದರೆ ಇಳುವರಿ ಇಳಿಯುತ್ತದೆ. ಎರಡರ ಮುಂದಿನ ಧನ ಚಿಹ್ನೆ ಸಾವಯವ ಇಂಗಾಲದ್ದು. ಕೊಟ್ಟಿಗೆ ಗೊಬ್ಬರ ಕಂಡ ಹೊಲ ಹುಲುಸು. ಎಲ್ಲವೂ ನಮ್ಮ ಹಿರಿಯರು ಹೇಳಿಕೊಂಡು ಬಂದದ್ದೇ. ನನ್ನ ಎಣಿಕೆಯಲ್ಲಿ ಇದ್ದ ಮೋಸವೆಂದರೆ ಐದರಲ್ಲಿ ನಾಲ್ಕು ಸಾಲುಗಳು ತಪ್ಪಿದ್ದರೂ ನಂಬುವಂತಿದ್ದವು. ರಸಸಾರ ಏರಿದರೆ ಬೆಳೆ ಕಡಿಮೆ ಎಂದರೆ ಯಾರು ಬೇಡವೆನ್ನುತ್ತಾರೆ? ಸಾರಜನಕ ಏರಿದರೆ ಇಳುವರಿ ಏರುತ್ತದೆ ಎಂದರೆ ಯಾರಿಗೆ ಸಂಶಯ ಬರುತ್ತದೆ? ಎರಡನೆಯ ಸಾಲೊಂದು ಸುಳ್ಳು ಹೇಳದೆ ಹೋಗಿದ್ದರೆ ನಾನು ಇಂದಿಗೂ ಗಂಧಕದ ಮಹಿಮೆಯನ್ನೇ ಹಾಡುತ್ತಿದ್ದೆ.

ಸೊನ್ನೆಯಿಂದ ಏಕೆ ಎಣಿಸಬೇಕು ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. ತಪ್ಪು ಮಾಡಿದವನಿಗೆ ಸಿಟ್ಟು ಬೇಗ. ಅವಳು ಹೇಳಿದ್ದು: ಕಂಪ್ಯೂಟರಿನ ನೆನಪಿನಲ್ಲಿ ಸಂಖ್ಯೆಗಳು ಸಾಲಾಗಿ ಕೂತಿರುತ್ತವೆ, ಕ್ರಮಸಂಖ್ಯೆ ಎಂದರೆ ಸಾಲಿನ ಆರಂಭದಿಂದ ಎಷ್ಟು ಹೆಜ್ಜೆ ದೂರ ಎಂದು ಅರ್ಥ. ಮೊದಲನೆಯದಕ್ಕೆ ಹೆಜ್ಜೆಯೇ ಬೇಡ, ಆದ್ದರಿಂದ ಸೊನ್ನೆ. ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲಿ ಎಣಿಕೆ ಸೊನ್ನೆಯಿಂದಲೇ ಶುರುವಾಗಬೇಕೆಂದು ಒಂದು ಪುಟ್ಟ ಟಿಪ್ಪಣಿಯನ್ನೇ ಬರೆದಿದ್ದಾನಂತೆ. ನಮ್ಮ ವಯಸ್ಸಿನ ಲೆಕ್ಕವೂ ಹೀಗೆಯೇ ಅಲ್ಲವೆ? ಕೂಸು ಹುಟ್ಟಿದ ದಿನ ಅದಕ್ಕೆ ಒಂದು ವರ್ಷವೆನ್ನುವುದಿಲ್ಲ. ಆದರೆ ಎಲ್ಲ ಕಂಪ್ಯೂಟರ್ ಭಾಷೆಗಳೂ ಹೀಗಿಲ್ಲ. ಪೈಥಾನ್, ಸಿ ಸೊನ್ನೆಯಿಂದ ಎಣಿಸುತ್ತವೆ; ಹಳೆಯ ಫೋರ್ಟ್ರಾನ್ ಮತ್ತು ಸಂಖ್ಯಾಶಾಸ್ತ್ರದವರು ಬಳಸುವ ಆರ್ ನಮ್ಮ ಹಾಗೆ ಒಂದರಿಂದ. ಒಂದರಲ್ಲಿ ಬರೆದಿಟ್ಟ ಸಂಖ್ಯೆಗಳನ್ನು ಇನ್ನೊಂದರಲ್ಲಿ ಓದುವಾಗ ಕಲಿತವರೂ ಎಡವುತ್ತಾರೆ ಎಂದು ಕೇಳಿ ಸ್ವಲ್ಪ ಸಮಾಧಾನವಾಯಿತು.

ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಮನೆ ಕೆಳಗೆ ಜಾರುವ ಈ ತಪ್ಪನ್ನು ನಾನು ಮೊದಲೂ ಒಮ್ಮೆ ಮಾಡಿದ್ದೆ. ಆಗ ಕಂಪ್ಯೂಟರ್ ಇರಲಿಲ್ಲ.

ನೌಕರಿಗೆ ಸೇರಿದ ಹೊಸತು, ತೊಂಬತ್ತರ ದಶಕ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ, ಹಾಜರಿ ಸಂಖ್ಯೆಯ ಪ್ರಕಾರ ಜೋಡಿಸಿಕೊಂಡು, ಅಂಕಗಳನ್ನು ರಿಜಿಸ್ಟರಿನಲ್ಲಿ ಏರಿಸುತ್ತಿದ್ದೆ. ರಾತ್ರಿ ಕರೆಂಟು ಹೋಗಿ ಕಂದೀಲು ಹಚ್ಚಿಕೊಂಡಿದ್ದೆ. ನಡುವೆ ಒಬ್ಬ ಹುಡುಗ ಪರೀಕ್ಷೆಗೆ ಗೈರುಹಾಜರಾಗಿದ್ದ. ಅವನ ಪತ್ರಿಕೆ ಕಟ್ಟಿನಲ್ಲಿ ಇರಲಿಲ್ಲ. ಅವನ ಹೆಸರು ರಿಜಿಸ್ಟರಿನಲ್ಲಿ ಇತ್ತು. ನಾನು ಹೆಸರು ನೋಡದೆ ಒಂದರ ಕೆಳಗೊಂದು ಬರೆಯುತ್ತ ಹೋದೆ. ಗೈರುಹಾಜರಾದವನಿಗೆ ಅವನ ಮುಂದಿನವನ ಅಂಕ, ಆ ಮುಂದಿನವನಿಗೆ ಅವನಾಚೆಯವನ ಅಂಕ. ಕೊನೆಯ ಹೆಸರಿನ ಮುಂದೆ ಬರೆಯಲು ಪತ್ರಿಕೆಯೇ ಉಳಿಯಲಿಲ್ಲ. ಆಗಲಾದರೂ ಎಚ್ಚರವಾಗಬೇಕಿತ್ತು. ‘ಇವನೇ ಬಂದಿರಲಿಕ್ಕಿಲ್ಲ’ ಎಂದುಕೊಂಡು ಗೆರೆ ಎಳೆದು ಮಲಗಿದೆ.

ಬನಹಟ್ಟಿಯ ಒಬ್ಬ ನೇಕಾರನ ಮಗ ಆ ತರಗತಿಯಲ್ಲಿದ್ದ. ವಿಜ್ಞಾನದಲ್ಲಿ ಚುರುಕು. ಅವನ ಹಾಜರಿ ಸಂಖ್ಯೆಯ ಮುಂದೆ ಬಿದ್ದದ್ದು ಅವನ ಕೆಳಗಿನವನ ಒಂಬತ್ತು ಅಂಕ. ಹುಡುಗ ನನ್ನ ಹತ್ತಿರ ಬಂದು ಕೇಳಲೂ ಇಲ್ಲ. ಆಗ ಮಾಸ್ತರರನ್ನು ಹಾಗೆ ಕೇಳುವ ರೂಢಿ ಇರಲಿಲ್ಲ. ಪ್ರಗತಿಪತ್ರಕ್ಕೆ ಸಹಿ ಹಾಕಿದ ತಂದೆ, ‘ಇಂವಗ ಓದು ಹತ್ತಂಗಿಲ್ಲ’ ಎಂದು ತೀರ್ಮಾನಿಸಿ ಕಂಡಿಕೆ ಸುತ್ತಲು ಕೂರಿಸಿದ. ಹದಿನೈದು ದಿನ ಹುಡುಗ ಶಾಲೆಗೆ ಬಾರದಿದ್ದಾಗ ಕಾರಣ ಕೇಳಿದೆ, ಆಮೇಲೆ ಪತ್ರಿಕೆಗಳನ್ನು ತೆಗೆದು ನೋಡಿದೆ. ಅವನು ತರಗತಿಗೆ ಎರಡನೆಯವನಾಗಿದ್ದ.

ಸೈಕಲ್ ಹತ್ತಿ ಅವರ ಮನೆಗೆ ಹೋದೆ. ತಪ್ಪು ನನ್ನದೆಂದು ಹೇಳಿದೆ. ಆ ತಂದೆ ನನಗೆ ಚಹಾ ಕೊಟ್ಟ, ಒಂದು ಕೆಟ್ಟ ಮಾತಾಡಲಿಲ್ಲ. ‘ಆತ ಬಿಡ್ರಿ ಸರ, ಈಗ ಮಗ್ಗಕ್ಕ ಕೈ ಕೂಡ್ಯಾವು, ಸಾಲನೂ ಐತಿ. ಜೂನದಾಗ ಕಳಸ್ತೀನಿ’ ಎಂದ. ಜೂನಿನಲ್ಲಿ ಕಳಿಸಿದ, ಮಾತು ತಪ್ಪಲಿಲ್ಲ. ಆದರೆ ಹುಡುಗನಿಗೆ ಒಂದು ವರ್ಷ ಹೋಯಿತು. ತನಗಿಂತ ಸಣ್ಣವರ ಜತೆ ಕೂತ. ಹತ್ತನೆಯ ತರಗತಿ ಪಾಸಾದ ಮೇಲೆ ಮುಂದೆ ಓದಲಿಲ್ಲ. ಆ ಒಂದು ವರ್ಷ ಹೋಗದಿದ್ದರೆ ಓದುತ್ತಿದ್ದನೋ ಏನೋ. ಅದನ್ನು ಯಾವ ರಿಗ್ರೆಷನ್ ಲೆಕ್ಕವೂ ಹೇಳಲಾರದು.

ಈಗ ಅವನಿಗೆ ಬನಹಟ್ಟಿಯಲ್ಲಿ ಸ್ವಂತದ ನಾಲ್ಕು ಪವರ್‌ಲೂಮುಗಳಿವೆ. ಸಂಕ್ರಮಣದ ಮರುದಿನ ಮಗಳನ್ನು ಕರೆದುಕೊಂಡು ಅವನಲ್ಲಿಗೆ ಹೋದೆ. ಏಕೆ ಹೋದೆನೆಂದು ನನಗೇ ಸರಿಯಾಗಿ ಗೊತ್ತಿಲ್ಲ. ಮಗ್ಗದ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದು ಒಂದನ್ನು ನಿಲ್ಲಿಸಿ, ಹೊಸ ಹಾಸನ್ನು ಏರಿಸುತ್ತಿದ್ದ ಕಡೆಗೆ ಕರೆದೊಯ್ದ. ಸಾವಿರಾರು ಎಳೆಗಳು. ಒಂದೊಂದನ್ನೂ ಅದರ ಕ್ರಮ ಬಿಡದೆ ಹಣಿಗೆಯ ಸಂದಿಗಳಲ್ಲಿ ತೂರಿಸಬೇಕು. ‘ಒಂದ ಎಳಿ ಬಾಜೂದ ಸಂದ್ಯಾಗ ಹೋತಂದ್ರ, ಅಲ್ಲಿಂದ ಮುಂದಿನವೆಲ್ಲಾ ಒಂದೊಂದು ಸರೀತಾವ್ರಿ ಸರ. ಅಂಚಿನ ಚಿತ್ರ ಕೆಡತೈತಿ. ಒಂದ ಮೊಳಾ ನೇಯೂತನಕ ಗೊತ್ತಾಗಂಗಿಲ್ಲ’ ಎಂದ. ಆಮೇಲೆ ಜಕಾರ್ಡಿನ ತೂತು ಕೊರೆದ ರಟ್ಟುಗಳನ್ನು ತೋರಿಸಿದ. ದಾರದಿಂದ ಸರಪಳಿಯಂತೆ ಹೊಲಿದ ಆ ರಟ್ಟುಗಳಿಗೆ ಒಂದೊಂದಕ್ಕೂ ನಂಬರು ಬರೆದಿದ್ದ. ಯಾವ ತೂತು ಯಾವ ಎಳೆಗೆ, ಯಾವ ರಟ್ಟು ಯಾವ ಹೊಕ್ಕಿಗೆ ಎಂಬುದು ತಪ್ಪಿದರೆ ನವಿಲು ಹೋಗಿ ಇನ್ನೇನೋ ಆಗುತ್ತದೆ.

ಮಗಳು ಕಣ್ಣರಳಿಸಿ ನೋಡುತ್ತಿದ್ದಳು. ಫ್ರಾನ್ಸಿನ ಲಿಯಾನ್ ಪಟ್ಟಣದ ಜಕಾರ್ಡ್ 1804ರಲ್ಲಿ ಈ ಏರ್ಪಾಟನ್ನು ಮಾಡಿದ. ಅದನ್ನು ನೋಡಿಯೇ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತೂತಿನ ರಟ್ಟು ಬಳಸುವ ಯೋಜನೆ ಹಾಕಿದ. 1890ರ ಅಮೆರಿಕದ ಜನಗಣತಿಯನ್ನು ಹಾಲರಿತ್ ತೂತಿನ ಕಾರ್ಡುಗಳಿಂದಲೇ ಎಣಿಸಿದ. ಅದರಲ್ಲಿಯೂ ತೂತಿಗೆ ಹೆಸರಿಲ್ಲ, ಜಾಗವಿದೆ ಅಷ್ಟೆ. ಈ ಜಾಗದ ತೂತು ಎಂದರೆ ಗಂಡಸು, ಆ ಜಾಗದ್ದು ಎಂದರೆ ಹೆಂಗಸು ಎಂದು ಇನ್ನೊಂದು ಕಡೆ ಬರೆದಿಡಬೇಕು. ಆ ಬರೆದಿಟ್ಟದ್ದು ಕಳೆದರೆ ಕಾರ್ಡುಗಳ ರಾಶಿ ರದ್ದಿ.

ಮನೆಗೆ ಬಂದ ಮೇಲೆ ತಂದೆ-ಮಗಳು ಕೂಡಿ ಪ್ರಾಜೆಕ್ಟನ್ನು ಮೊದಲಿನಿಂದ ನೋಡಿದೆವು. ನಾನು ಹೇಳಿದೆ: ಹೆಸರು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಕೈಲೆಕ್ಕ ಮಾಡು. ಮತ್ತೆ ಚಹಾದಂಗಡಿಗೇ ಬನ್ನಿ. ಮೂರು ಚಹಾ, ಎರಡು ಮಿರ್ಚಿ, ಒಂದು ಗಿರಮಿಟ್. ದರಗಳು ಸರಿಯಾಗಿ ಕೂತಿದ್ದರೆ ಮೂವತ್ತು, ಮೂವತ್ತು, ಮೂವತ್ತು, ಮೇಲೆ ಐದು, ತೊಂಬತ್ತೈದು ರೂಪಾಯಿ. ದರಗಳು ಒಂದು ಮನೆ ಜಾರಿ ಹತ್ತು ರೂಪಾಯಿ ಮಿರ್ಚಿಗೆ, ಹದಿನೈದು ಗಿರಮಿಟ್ಟಿಗೆ, ಮೂವತ್ತು ಚಹಾಕ್ಕೆ ಬಿದ್ದರೆ ಅದೇ ತಿಂಡಿಗೆ ನೂರಾ ಮೂವತ್ತಾಗುತ್ತದೆ. ಅಂಗಡಿಯವನು ಹೇಳಿದ ಲೆಕ್ಕಕ್ಕೆ ಕೂಡುವುದಿಲ್ಲ. ಹಾಗೆಯೇ ಅಣ್ಣನ ಹೊಲದ ಕಾರ್ಡು ತೆಗೆದುಕೊಂಡು, ಐದು ಬಾಬುಗಳನ್ನು ಅವುಗಳ ಸಹಗುಣಕಗಳಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಮೇಲಿನ ಸ್ಥಿರಾಂಕವನ್ನು ಸೇರಿಸಿ ನೋಡಿದೆವು. ನನ್ನ ಪೆನ್ಸಿಲ್ ಹೆಸರುಗಳ ಪ್ರಕಾರ ಬಂದ ಉತ್ತರ ಕಂಪ್ಯೂಟರಿನ ಉತ್ತರದ ಹತ್ತಿರವೂ ಸುಳಿಯಲಿಲ್ಲ. ಅವಳ ಹೆಸರುಗಳ ಪ್ರಕಾರ ದಶಾಂಶದವರೆಗೂ ಕೂಡಿತು. ಹತ್ತು ನಿಮಿಷದ ಕೆಲಸ. ದೀಪಾವಳಿಯಲ್ಲಿಯೇ ಮಾಡಬಹುದಿತ್ತು.

ನೋಡುತ್ತ ಹೋದಂತೆ ಇನ್ನೂ ಹುಳುಕುಗಳು ಹೊರಬಿದ್ದವು. 7ರ ಮುಂದಿನ ಅಂಕಿ ದೊಡ್ಡದೆಂದು ನಾನು ಹಿಗ್ಗಿದ್ದೆನಲ್ಲ, ಅದೂ ಅವಸರವೇ. ಸತುವನ್ನು ಅಳೆಯುವುದು ಹತ್ತು ಲಕ್ಷದಲ್ಲಿ ಇಷ್ಟು ಭಾಗ ಎಂದು, 0.6ಕ್ಕಿಂತ ಕಡಿಮೆಯಿದ್ದರೆ ಕೊರತೆ. ಸಾರಜನಕವನ್ನು ಅಳೆಯುವುದು ಹೆಕ್ಟೇರಿಗೆ ಇಷ್ಟು ಕಿಲೊ ಎಂದು; 280ಕ್ಕಿಂತ ಕೆಳಗಿದ್ದರೆ ಕಡಿಮೆ. ಸತು ಪೂರಾ ಒಂದು ಅಂಶ ಏರುವುದೆಂದರೆ ಮಣ್ಣಿಗೆ ಅದು ಬಹಳ ದೊಡ್ಡ ಮಾತು, ಪೊಟ್ಯಾಷ್ ಒಂದು ಕಿಲೊ ಏರುವುದು ಲೆಕ್ಕಕ್ಕಿಲ್ಲ. ಹಾಗಿದ್ದಾಗ ಸತುವಿನ ಸಹಗುಣಕ ದೊಡ್ಡದಾಗಿ ಕಾಣದೆ ಇರುತ್ತದೆಯೆ? ತೊಲದ ದರವನ್ನೂ ಕ್ವಿಂಟಲ್ ದರವನ್ನೂ ಪಕ್ಕದಲ್ಲಿಟ್ಟು ಯಾವುದು ಹೆಚ್ಚು ಎಂದು ಕೇಳಿದ ಹಾಗೆ. ಹುಡುಗಿಯರು ಎಲ್ಲ ಬಾಬುಗಳನ್ನೂ ಒಂದೇ ಅಳತೆಗೆ ತಂದು ಮತ್ತೆ ಓಡಿಸಿದಾಗ ಮೊದಲನೆಯ ಸ್ಥಾನಕ್ಕೆ ಬಂದದ್ದು ಲವಣಾಂಶ, ಋಣ ಚಿಹ್ನೆಯೊಂದಿಗೆ. ಸತು ಹಿಂದೆ ಸರಿಯಿತು. ಸವಳಿನ ಕಾಟವನ್ನು ಕಂಡುಹಿಡಿಯಲು ಕಂಪ್ಯೂಟರ್ ಬೇಕಿರಲಿಲ್ಲವೆಂದು ಯಾರಾದರೂ ಅಂದರೆ ನಾನು ವಾದಿಸುವುದಿಲ್ಲ.

ಎರಡನೆಯ ಸುತ್ತಿನಲ್ಲಿ ತಾಲ್ಲೂಕಿನ ಹೆಸರನ್ನೂ ಲೆಕ್ಕಕ್ಕೆ ಸೇರಿಸಿದರು. ಇಲ್ಲಿ ಒಂದು ತಮಾಷೆಯಾಯಿತು. ನಾಲ್ಕು ತಾಲ್ಲೂಕುಗಳಿಗೆ ಮೂರೇ ಸಹಗುಣಕಗಳು ಬಂದವು. ಒಂದನ್ನು ಕಂಪ್ಯೂಟರ್ ಬುಡವೆಂದು ಹಿಡಿದು ಉಳಿದ ಮೂರನ್ನು ಅದರೊಂದಿಗೆ ಹೋಲಿಸಿ ಹೇಳುತ್ತದೆ, ಬುಡದ್ದಕ್ಕೆ ಪ್ರತ್ಯೇಕ ಅಂಕಿ ಇರುವುದಿಲ್ಲ. ಯಾವುದು ಬುಡ? ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆದಿದ್ದರಿಂದ ಅಕ್ಷರಕ್ರಮದಲ್ಲಿ ಬೀಳಗಿ ಮೊದಲು ಬಂದು ಅದೇ ಬುಡವಾಯಿತು. ಕನ್ನಡದಲ್ಲಿ ಬರೆದಿದ್ದರೆ ‘ಜ’ ಮೊದಲು ಬಂದು ಜಮಖಂಡಿ ಬುಡವಾಗುತ್ತಿತ್ತು. ಬೀಳಗಿಗೆ ಅಂಕಿ ಸಿಗುತ್ತಿತ್ತು. ಬೀಳಗಿಯವಳಾದ ಒಬ್ಬ ಗೆಳತಿ, ‘ನಮ್ಮೂರ ಯಾಕ ಬಿಟ್ರಿ?’ ಎಂದು ಮುನಿಸಿಕೊಂಡಳಂತೆ. ಕೆಲವು ಪ್ರೋಗ್ರಾಮುಗಳು ಅಕ್ಷರಕ್ರಮವನ್ನೂ ನೋಡದೆ, ಹೆಚ್ಚು ಸಲ ಬಂದ ಹೆಸರಿಗೆ ಮೊದಲ ಸಂಖ್ಯೆ ಕೊಡುತ್ತವೆ. ಇನ್ನೊಂದು ತೊಡಕು: ರಬಕವಿ-ಬನಹಟ್ಟಿ ಜಮಖಂಡಿಯಿಂದ ಒಡೆದು ತಾಲ್ಲೂಕಾಗುವ ಮೊದಲಿನ ಕಾರ್ಡುಗಳಲ್ಲಿ ಅಲ್ಲಿಯ ಹೊಲಗಳೂ ಜಮಖಂಡಿಯೆಂದೇ ಇದ್ದವು. ಅವುಗಳನ್ನು ಊರಿನ ಹೆಸರು ನೋಡಿ ಕೈಯಿಂದ ತಿದ್ದಬೇಕಾಯಿತು.

ಕಾರ್ಡುಗಳ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಯೋಜನೆಯ ಮೊದಲ ಸುತ್ತುಗಳಲ್ಲಿ ನೀರಾವರಿ ಜಮೀನಿನಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆ ನಂಬಿದ ಜಮೀನಿನಲ್ಲಿ 10 ಹೆಕ್ಟೇರಿಗೆ ಒಂದು ಎಂದು ಮಣ್ಣಿನ ಮಾದರಿ ತೆಗೆದರು. ಸಣ್ಣ ಹಿಡುವಳಿಯವನ ಕಾರ್ಡಿನಲ್ಲಿರುವುದು ಬದುವಿನಾಚೆಯ ಮಣ್ಣಿನ ಗುಣವೂ ಆಗಿರಬಹುದು. ಹೆಸರಿಗೂ ಅಂಕಿಗೂ ಗಂಟು ಹಾಕುವ ಕೆಲಸ ಕಂಪ್ಯೂಟರಿಗೆ ಬರುವ ಎಷ್ಟೋ ಮೊದಲೇ ಹೊಲದಲ್ಲಿ ಶುರುವಾಗಿರುತ್ತದೆ.

ಈ ತಾಪತ್ರಯಕ್ಕೆ ಪರಿಹಾರ ಇಲ್ಲವೆಂದಲ್ಲ. ಇವರು ಬಳಸಿದ ಸೈಕಿಟ್-ಲರ್ನ್ ಎಂಬ ತಂತ್ರಾಂಶದಲ್ಲಿ 2021ರಿಂದ ಒಂದು ಅನುಕೂಲವಿದೆ. ತಲೆಬರಹ ಸಮೇತ ಕೋಷ್ಟಕವನ್ನು ಕೊಟ್ಟರೆ ಅದು ಬಾಬುಗಳ ಹೆಸರನ್ನು ನೆನಪಿಟ್ಟುಕೊಳ್ಳುತ್ತದೆ, ಕೇಳಿದರೆ ಹೇಳುತ್ತದೆ. ಹುಡುಗಿಯರು ತಲೆಬರಹವನ್ನು ಕಿತ್ತು ಬರೀ ಸಂಖ್ಯೆಗಳನ್ನು ಉಣಿಸಿದ್ದರು. ಈಗ ಹೆಸರು ಒಂದು ಕಾಲಮು, ಅಂಕಿ ಇನ್ನೊಂದು ಕಾಲಮು ಮಾಡಿ ಅಚ್ಚು ಹಾಕಿದ್ದಾರೆ. ಅಳತೆಯ ಮಾನಕ್ಕೆ ಮೂರನೆಯ ಕಾಲಮನ್ನು ನಾನು ಹಟ ಹಿಡಿದು ಹಾಕಿಸಿದೆ. ಸೊನ್ನೆಯಾದ ಬಾಬುಗಳನ್ನೂ ಬಿಡದೆ ಸೊನ್ನೆಯೆಂದೇ ತೋರಿಸಿದ್ದಾರೆ. ಪ್ರಾಜೆಕ್ಟಿನ ವರದಿಗೆ ಅರ್ಧ ಪುಟ ಹೆಚ್ಚಾಯಿತು, ಅಷ್ಟೆ.

ಇಷ್ಟಾದ ಮೇಲೂ, ಸತುವಿದ್ದ ಹೊಲದಲ್ಲಿ ಕಬ್ಬು ಹೆಚ್ಚು ಬಂದಿದೆ ಎಂಬುದರಿಂದ ಸತು ಹಾಕಿದರೆ ಕಬ್ಬು ಹೆಚ್ಚು ಬರುತ್ತದೆ ಎಂದು ಹೇಳಲು ಬರುವುದಿಲ್ಲ. ಸತು ಹಾಕುವಷ್ಟು ಎಚ್ಚರವಿರುವ ರೈತ ಕಳೆಯನ್ನೂ ಹೊತ್ತಿಗೆ ಸರಿಯಾಗಿ ತೆಗೆಸಿರುತ್ತಾನೆ, ನೀರನ್ನೂ ಅಳತೆಯಲ್ಲಿ ಹಾಯಿಸಿರುತ್ತಾನೆ. ನಾನು ಫೋನಿನಲ್ಲಿ ಸಲಹೆ ಕೊಡುವ ಮೊದಲು ಕೃಷಿ ಇಲಾಖೆಯವರನ್ನು ಕೇಳಬೇಕಿತ್ತು. ಪ್ರಾಜೆಕ್ಟಿನ ಹಾಳೆ ಗೊಬ್ಬರದ ಚೀಟಿಯಲ್ಲ.

ಅಣ್ಣನಿಗೆ ಹೇಳುವ ಕೆಲಸ ಉಳಿದಿತ್ತು. ಫೋನಿನಲ್ಲಿ ಹೇಳಬಾರದೆಂದು ಮುಧೋಳದ ಬಸ್ಸು ಹತ್ತಿ ಹೋದೆ. ಹೊಲದ ದಂಡೆಯಲ್ಲಿ ನಿಂತು, ಸೊನ್ನೆಯಿಂದ ಎಣಿಸುವುದು, ಏಳನೆಯದು ಗಂಧಕವಲ್ಲ ಸತು ಎಂಬುದು, ದೊಡ್ಡ ಅಂಕಿಯ ಮೋಸ ಎಲ್ಲವನ್ನೂ ವಿವರಿಸಿದೆ. ಹಾಕಿದ ಗಂಧಕದಿಂದ ಬೆಳೆಗೆ ಕೇಡೇನೂ ಇಲ್ಲವೆಂದೂ, ಹಣ ಮಾತ್ರ ದಂಡವಾಯಿತೆಂದೂ, ಅದನ್ನು ನಾನು ಕೊಡುತ್ತೇನೆಂದೂ ಹೇಳಿದೆ. ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ.

‘ಹಂಗಾರ ಸೊನ್ನಿ ಅಂದ್ರ ಒಂದನೇದು’ ಎಂದ.

‘ಹೌದು.’

‘ಮತ್ತ ಹುಡಿಗಿ ಪರೀಕ್ಷಿಗೆ ಕಂಪ್ಯೂಟರ್ ಸೊನ್ನಿ ನಂಬರ್ ಕೊಟ್ರ ಒಂದನೇ ನಂಬರ ಬಂದಂಗಾತಲ್ಲ!’ ಎಂದು ದೊಡ್ಡದಾಗಿ ನಕ್ಕ. ಹಣ ತೆಗೆದುಕೊಳ್ಳಲಿಲ್ಲ. ಹಾಕದೆ ಉಳಿದ ಗಂಧಕದ ಎರಡು ಚೀಲಗಳು ಅವನ ಪಡಸಾಲೆಯ ಮೂಲೆಯಲ್ಲಿ ಇನ್ನೂ ಇವೆ. ನಾನು ಹೋದಾಗಲೆಲ್ಲ ಅವುಗಳ ಮೇಲೆಯೇ ಕೂರಿಸಿ ಚಹಾ ಕೊಡುತ್ತಾನೆ.